ಐದು ನದಿಗಳ ನಾಡಿನಲ್ಲಿ ಮತನಿರಪೇಕ್ಷ ಪಕ್ಷವೊಂದರ ಉದಯಾಸ್ತ

ಒಂದು ನಾಡಿನ ಜನರು ಹಲವು ಮತಗಳಿಗೆ ಸೇರಿದವರಾಗಿದ್ದು, ಪ್ರತಿಯೊಂದು ಮತದವರೂ ತಮ್ಮ ಲಾಭನಷ್ಟಗಳನ್ನು ಮತದ ಅಳತೆಗೋಲಿನಿಂದಲೇ ಅಳೆಯುತ್ತಿರುವಾಗ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವೆನೆಂದು ಹೊರಡುವ ರಾಜಕೀಯ ಪಕ್ಷವು ಎಷ್ಟು ಕಾಲ ಬಾಳಬಲ್ಲದು? ಬಾಳದೆ ಹೋದರೆ ಅದರ ತಪ್ಪು ಯಾರದು? ಕೇವಲ ತರ್ಕದಿಂದ ಇದಕ್ಕೆ ಉತ್ತರ ಹುಡುಕುವುದಕ್ಕಿಂತ ಇತಿಹಾಸದ ಪುಟಗಳಲ್ಲಿ ಹುಡುಕುವುದು ಮೇಲು. ಅಂಥ ಒಂದು ಪುಟ ಅವಿಭಜಿತ ಪಂಜಾಬಿನ ಯೂನಿಯನಿಸ್ಟ್ ಪಕ್ಷದ್ದು. 1923ರಲ್ಲಿ ಹುಟ್ಟಿ 1947ರಲ್ಲಿ ಅಳಿದ ಈ ಪಕ್ಷವು ಹಿಂದೂ, ಮುಸಲ್ಮಾನ, ಸಿಖ್ ನಾಯಕರನ್ನು ಒಂದೇ ಮಂತ್ರಿಮಂಡಲದಲ್ಲಿ ವರ್ಷಗಟ್ಟಲೆ ಒಟ್ಟಿಗೆ ಇರಿಸಿಕೊಂಡು ರಾಜ್ಯಭಾರ ನಡೆಸಿತು. ಆದರೂ ಅದರ ನಾಡೇ ಕೊನೆಗೆ ಮತದ ಹೆಸರಿನಲ್ಲಿ ಎರಡು ಹೋಳಾಯಿತು. ಆ ಪಕ್ಷದ ಏಳಿಗೆ ಬೀಳುಗಳೆರಡರಲ್ಲಿಯೂ ವಿಚಾರವಂತರು ಮನನ ಮಾಡಬೇಕಾದ ಅಂಶಗಳಿವೆ.

ನಾಡು ಮತ್ತು ಜನ

1941ರ ಜನಗಣತಿಯ ಪ್ರಕಾರ ಬ್ರಿಟಿಷ್ ಪಂಜಾಬಿನ ಜನಸಂಖ್ಯೆ ಸುಮಾರು 2 ಕೋಟಿ 84 ಲಕ್ಷ. ಅದರಲ್ಲಿ ಮುಸಲ್ಮಾನರು ನೂರಕ್ಕೆ ಸುಮಾರು 57, ಸಿಖ್ಖರು ಸುಮಾರು 13. ಉಳಿದವರಲ್ಲಿ ಹೆಚ್ಚಿನವರು ಹಿಂದೂಗಳು. ಪಶ್ಚಿಮದ ಜಿಲ್ಲೆಗಳಲ್ಲಿ ಮುಸಲ್ಮಾನರೂ, ನಡುನಾಡಿನಲ್ಲಿ ಸಿಖ್ಖರೂ, ಆಗ್ನೇಯದ ರೋಹ್ತಕ್, ಹಿಸಾರ್ ಕಡೆಗಳಲ್ಲಿ ಹಿಂದೂ ಜಾಟರೂ ಬೇಸಾಯದಲ್ಲಿ ಮುಂದಿದ್ದರು. ಪೇಟೆ ಪಟ್ಟಣಗಳ ವ್ಯಾಪಾರ, ಲೇವಾದೇವಿ, ವಕೀಲಿ ಮುಂತಾದ ವೃತ್ತಿಗಳಲ್ಲಿ ಬಹುಮಟ್ಟಿಗೆ ಖತ್ರಿ, ಅರೋರ, ಅಗರವಾಲ ಮೊದಲಾದ ಸಮುದಾಯಗಳವರು ನೆಲೆಗೊಂಡಿದ್ದರು. ಹೀಗೆ ಉಳುವವನದು ಒಂದು ಮತ, ಸಾಲ ಕೊಡುವವನದು ಇನ್ನೊಂದು ಮತ ಎಂಬ ಸ್ಥಿತಿ ಅನೇಕ ಜಿಲ್ಲೆಗಳಲ್ಲಿತ್ತು. ಆರ್ಥಿಕವಾದ ಜಗಳವೊಂದು ಯಾವ ಗಳಿಗೆಯಲ್ಲಾದರೂ ಮತದ ಜಗಳವಾಗಿ ಮಾರ್ಪಡಬಹುದಾದ ನೆಲ ಅದು.

ಸಾಲದ ಭಾರವಾದರೋ ಸಣ್ಣದಾಗಿರಲಿಲ್ಲ. ಪಂಜಾಬಿನಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದ ಮಾಲ್ಕಂ ಡಾರ್ಲಿಂಗ್ 1925ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಭೂಮಿಯುಳ್ಳ ರೈತರಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕವರು ಋಣದಲ್ಲಿ ಮುಳುಗಿರುವರೆಂದೂ, ಒಟ್ಟು ಕೃಷಿಸಾಲ ಸುಮಾರು 90 ಕೋಟಿ ರೂಪಾಯಿಗಳೆಂದೂ ಲೆಕ್ಕ ಹಾಕಿದರು. ರೈತನ ಜಮೀನು ಸಾಲಗಾರನ ಕೈಯಿಂದ ಸಾಹುಕಾರನ ಕೈಗೆ ಹೋಗುವುದನ್ನು ತಡೆಯಲೆಂದು ಬ್ರಿಟಿಷ್ ಸರಕಾರ 1900ರಲ್ಲಿಯೇ ಭೂ ಪರಭಾರೆ ಶಾಸನವನ್ನು ತಂದಿತ್ತು. ಅದರ ಪ್ರಕಾರ ಸರಕಾರ ಪಟ್ಟಿ ಮಾಡಿದ 'ಕೃಷಿಕ ಕುಲ'ಗಳವರ ಜಮೀನನ್ನು ಆ ಪಟ್ಟಿಯ ಹೊರಗಿನವರು ಕೊಳ್ಳುವಂತಿರಲಿಲ್ಲ. ಈ ಶಾಸನ ಹಿಂದೂ, ಮುಸಲ್ಮಾನ, ಸಿಖ್ ಎಂದು ಭೇದ ಮಾಡಲಿಲ್ಲ. ಕೃಷಿಕ, ಅಕೃಷಿಕ ಎಂಬ ಹೊಸ ಗೆರೆಯನ್ನು ಎಳೆಯಿತು. ಯೂನಿಯನಿಸ್ಟ್ ಪಕ್ಷವು ಮುಂದೆ ತನ್ನ ಮನೆಯನ್ನು ಕಟ್ಟಿದ್ದು ಈ ಗೆರೆಯ ಮೇಲೆಯೇ.

ಪಕ್ಷದ ಹುಟ್ಟು

1919ರ ಸುಧಾರಣಾ ಶಾಸನದಿಂದ ಪ್ರಾಂತಗಳಿಗೆ ಭಾಗಶಃ ಜವಾಬ್ದಾರಿ ಸರಕಾರ ದೊರೆಯಿತು. ಆದರೆ ಅದರೊಂದಿಗೆ ಪ್ರತ್ಯೇಕ ಮತಕ್ಷೇತ್ರಗಳೂ ಬಂದವು. ಮುಸಲ್ಮಾನ ಮತದಾರರು ಮುಸಲ್ಮಾನ ಅಭ್ಯರ್ಥಿಗೆ, ಸಿಖ್ಖರು ಸಿಖ್ ಅಭ್ಯರ್ಥಿಗೆ, ಉಳಿದವರು ಸಾಮಾನ್ಯ ಕ್ಷೇತ್ರದ ಅಭ್ಯರ್ಥಿಗೆ ಮತ ನೀಡುವ ವ್ಯವಸ್ಥೆ ಅದು. ಇಂಥ ಶಾಸನಸಭೆಯಲ್ಲಿ ಯಾವ ಮತದವರೂ ತಾವೇ ಬಹುಮತ ಪಡೆದು ಆಳುವಂತಿರಲಿಲ್ಲ. ಬೇರೆ ಮತದವರ ಸಹಕಾರ ಅನಿವಾರ್ಯವಾಗಿತ್ತು. ಈ ಅನಿವಾರ್ಯತೆಯನ್ನು ಮೊದಲು ಅರಿತವರು ಮಿಯಾ ಫಜಲ್-ಇ-ಹುಸೇನ್ (1877-1936). ಕೇಂಬ್ರಿಜ್‌ನಲ್ಲಿ ಓದಿ ಲಾಹೋರಿನಲ್ಲಿ ಬ್ಯಾರಿಸ್ಟರರಾಗಿದ್ದ ಅವರು ಕಾಂಗ್ರೆಸ್ಸಿನಲ್ಲಿದ್ದು, ಅಸಹಕಾರ ಚಳವಳಿಯ ಕಾರ್ಯಕ್ರಮವನ್ನು ಒಪ್ಪದೆ 1920ರಲ್ಲಿ ಹೊರಬಂದಿದ್ದರು. ರೋಹ್ತಕ್ ಜಿಲ್ಲೆಯ ಸಾಂಪ್ಲಾ ಬಳಿಯ ಗಢಿ ಗ್ರಾಮದ ಜಾಟ ರೈತನ ಮಗ ಚೌಧರಿ ಛೋಟೂರಾಮ್ (1881-1945) ಕೂಡ ಅದೇ ಕಾರಣದಿಂದ ಅದೇ ಕಾಲದಲ್ಲಿ ಕಾಂಗ್ರೆಸ್ ಬಿಟ್ಟಿದ್ದರು. ಒಬ್ಬರು ಮುಸಲ್ಮಾನರು, ಇನ್ನೊಬ್ಬರು ಹಿಂದೂ. ಇಬ್ಬರೂ ಸೇರಿ 1923ರಲ್ಲಿ ಪಕ್ಷವನ್ನು ಕಟ್ಟಿದರು.

ಛೋಟೂರಾಮರ ಬಾಲ್ಯದ ಪ್ರಸಂಗವೊಂದು ಅವರ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಗನ ಓದಿಗೆ ಸಾಲ ಕೇಳಲು ತಂದೆ ಆತನೊಂದಿಗೆ ಸಾಹುಕಾರನ ಅಂಗಡಿಗೆ ಹೋದರು. ಸಾಹುಕಾರನು ಮಾತಿಗೆ ಮೊದಲೇ ಪಂಖದ ಹಗ್ಗವನ್ನು ತಂದೆಯ ಕಡೆಗೆ ಎಸೆದು ಎಳೆಯಲು ಹೇಳಿದನಂತೆ. ಪಕ್ಕದಲ್ಲಿಯೇ ಸಾಹುಕಾರನ ಮಗ ಸುಮ್ಮನೆ ಕುಳಿತಿರುವಾಗ ತನ್ನ ವೃದ್ಧ ತಂದೆ ಗಾಳಿ ಹಾಕಬೇಕಾಯಿತಲ್ಲ ಎಂಬ ನೋವು ಬಾಲಕನ ಎದೆಯಲ್ಲಿ ಅಚ್ಚೊತ್ತಿತು. ಸಾಲ ಕೇಳಲು ಬಂದವನು ಮನುಷ್ಯನೆಂಬುದನ್ನು ಮರೆತ ಒಂದು ಗಳಿಗೆಯ ದರ್ಪವು ಮುಂದೆ ಎಂಥ ಫಲ ಕೊಟ್ಟಿತೆಂಬುದಕ್ಕೆ ಈ ಪ್ರಸಂಗವು ನಿದರ್ಶನ. ಛೋಟೂರಾಮರ ಸಾರ್ವಜನಿಕ ಜೀವನವೆಲ್ಲವೂ ಆ ಹಗ್ಗಕ್ಕೆ ಕೊಟ್ಟ ಉತ್ತರವೆನ್ನಬಹುದು. ದೇವರು ಯಾರಿಗೆ ಯಾರೆಂಬುದು ಅವರವರ ಮನೆಯ ವಿಚಾರ, ಬೆಳೆಯ ಬೆಲೆ ಮತ್ತು ಸಾಲದ ಬಡ್ಡಿ ಎಲ್ಲ ರೈತರಿಗೂ ಒಂದೇ ಎಂಬುದು ಅವರ ವಾದದ ತಿರುಳು.

ಅಧಿಕಾರದ ಹತ್ತು ವರ್ಷ

1935ರ ಭಾರತ ಸರಕಾರ ಶಾಸನದಿಂದ ಪ್ರಾಂತಗಳಿಗೆ ಸ್ವಾಯತ್ತತೆ ಬಂದಿತು. 1937ರ ಚುನಾವಣೆಯಲ್ಲಿ 175 ಸ್ಥಾನಗಳ ಪಂಜಾಬ್ ಶಾಸನಸಭೆಯಲ್ಲಿ ಯೂನಿಯನಿಸ್ಟ್ ಪಕ್ಷವು ತೊಂಬತ್ತಕ್ಕೂ ಹೆಚ್ಚು ಸ್ಥಾನಗಳನ್ನು ಗೆದ್ದಿತು. ಮುಸ್ಲಿಂ ಲೀಗಿಗೆ ದೊರೆತದ್ದು ಕೇವಲ 2 ಸ್ಥಾನ. ಅವರಲ್ಲಿಯೂ ಒಬ್ಬರು ಬೇಗನೆ ಯೂನಿಯನಿಸ್ಟರ ಕಡೆಗೆ ಬಂದರು. ಮುಂದೆ ಪಾಕಿಸ್ತಾನದ ಹೃದಯವಾಗಲಿದ್ದ ಪ್ರಾಂತದಲ್ಲಿ ದೇಶವಿಭಜನೆಗೆ ಹತ್ತು ವರ್ಷ ಮೊದಲು ಲೀಗಿನ ಸ್ಥಿತಿ ಇದಾಗಿತ್ತೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಫಜಲ್-ಇ-ಹುಸೇನ್ 1936ರಲ್ಲಿಯೇ ತೀರಿಕೊಂಡಿದ್ದುದರಿಂದ ಸರ್ ಸಿಕಂದರ್ ಹಯಾತ್ ಖಾನ್ ಪ್ರಧಾನಿಯಾದರು. ಅವರ ಆರು ಜನರ ಮಂತ್ರಿಮಂಡಲದಲ್ಲಿ ಮೂವರು ಮುಸಲ್ಮಾನರು, ಇಬ್ಬರು ಹಿಂದೂಗಳು, ಒಬ್ಬರು ಸಿಖ್ಖರು. ಬಹುಮತ ತಮ್ಮದೇ ಆಗಿದ್ದರೂ ಇತರರನ್ನು ಜೊತೆಗೆ ಕರೆದುಕೊಂಡು ಹೋಗುವ ವಿವೇಕ ಅದರಲ್ಲಿತ್ತು.

ಆ ಸರಕಾರವು ರೈತಪರ ಶಾಸನಗಳನ್ನು ಒಂದರ ಹಿಂದೆ ಒಂದರಂತೆ ತಂದಿತು. 1938ರ ಒಂದು ಶಾಸನದಿಂದ 1901ಕ್ಕಿಂತ ಹಿಂದೆ ಒತ್ತೆಯಿಟ್ಟ ಜಮೀನುಗಳು ಮೂಲ ಒಡೆಯರಿಗೆ ಮರಳುವಂತಾಯಿತು. ಅದೇ ವರ್ಷದ ಇನ್ನೊಂದು ಶಾಸನದ ಪ್ರಕಾರ ಲೇವಾದೇವಿದಾರರು ನೋಂದಣಿ ಮಾಡಿಸಿಕೊಳ್ಳದೆ ಸಾಲವಸೂಲಿಗಾಗಿ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. 1939ರ ಮಾರುಕಟ್ಟೆ ಶಾಸನವು ಮಂಡಿಗಳಲ್ಲಿ ತೂಕ, ದಲಾಲಿ, ಕಡಿತಗಳ ಹೆಸರಿನಲ್ಲಿ ನಡೆಯುತ್ತಿದ್ದ ಮೋಸಕ್ಕೆ ತಡೆ ಹಾಕಿ, ಆಡಳಿತ ಸಮಿತಿಗಳಲ್ಲಿ ಬೆಳೆಗಾರರಿಗೆ ಸ್ಥಾನ ಕೊಟ್ಟಿತು. ರೈತರು ಇವುಗಳನ್ನು ಚಿನ್ನದ ಕಾನೂನುಗಳೆಂದರು. ವ್ಯಾಪಾರಿಗಳು ಕರಾಳ ಕಾನೂನುಗಳೆಂದರು. ಒಂದೇ ಶಾಸನ ಒಬ್ಬನಿಗೆ ಚಿನ್ನ, ಮತ್ತೊಬ್ಬನಿಗೆ ಕತ್ತಲೆ. ಎರಡು ಮಾತಿನಲ್ಲಿಯೂ ಸತ್ಯದ ಒಂದೊಂದು ಅಂಶವಿತ್ತೆಂಬುದನ್ನು ಅನೇಕಾಂತ ದೃಷ್ಟಿಯುಳ್ಳವರು ಸುಲಭವಾಗಿ ತಿಳಿಯಬಲ್ಲರು.

ಏಕೆಂದರೆ ರೈತನ ಕಷ್ಟ ನಿಜವಾಗಿತ್ತು. ಬಡ್ಡಿಯ ಹೆಸರಿನಲ್ಲಿ ನಡೆದ ಅನ್ಯಾಯವೂ ನಿಜವಾಗಿತ್ತು. ಆದರೆ ಕಾನೂನಿನ ಕಣ್ಣು ಎಲ್ಲ ಸಾಹುಕಾರರ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ. 1900ರ ಶಾಸನದಿಂದ ಪೇಟೆಯ ವ್ಯಾಪಾರಿಗೆ ಜಮೀನು ಕೊಳ್ಳುವ ದಾರಿ ಮುಚ್ಚಿತೇ ಹೊರತು, ಕೃಷಿಕ ಕುಲದ ದೊಡ್ಡ ಜಮೀನ್ದಾರನು ತಾನೇ ಸಾಲ ಕೊಟ್ಟು ಸಣ್ಣ ರೈತನ ಹೊಲವನ್ನು ನುಂಗುವ ದಾರಿ ತೆರೆದೇ ಇತ್ತು. ಹೊಲದಲ್ಲಿ ದುಡಿದೂ ಪಟ್ಟಿಯಲ್ಲಿಲ್ಲದ ದಲಿತ ಕೂಲಿಕಾರರು ತಮ್ಮದೆಂದು ತುಂಡು ಜಮೀನು ಕೊಳ್ಳಲಾರದೆ ಹೋದರು. ಪಕ್ಷದ ಮುಂಚೂಣಿಯಲ್ಲಿ ಸಣ್ಣ ರೈತನಿಗಿಂತ ದೊಡ್ಡ ಜಮೀನ್ದಾರರೇ ಹೆಚ್ಚಾಗಿದ್ದರು. ಮತಭೇದವನ್ನು ಅಳಿಸಲು ಹೊರಟ ಪಕ್ಷವು ವೃತ್ತಿಭೇದ, ಕುಲಭೇದಗಳ ಆಧಾರದ ಮೇಲೆಯೇ ನಿಂತಿತು. ಪಟ್ಟಣದ ಹಿಂದೂ ವ್ಯಾಪಾರಿಯ ಕಣ್ಣಿಗೆ ಅದು ತನ್ನನ್ನು ಹೊರಗಿಟ್ಟ ಮುಸಲ್ಮಾನ ಪ್ರಾಬಲ್ಯದ ಪಕ್ಷವಾಗಿ ಕಂಡಿತು. ಈ ಭಾವನೆ ಪೂರ್ಣ ಸತ್ಯವಲ್ಲ. ಪೂರ್ಣ ಸುಳ್ಳೂ ಅಲ್ಲ.

ಶಹೀದ್‌ಗಂಜ್ ಪ್ರಕರಣದ ಪಾಠ

ಮಂದಿರ, ಬಸದಿಗಳ ಆಡಳಿತ ನಡೆಸುವವರು ತಿಳಿದಿರಬೇಕಾದ ಒಂದು ಪ್ರಕರಣ ಈ ಕಾಲದಲ್ಲಿ ನಡೆಯಿತು. ಲಾಹೋರಿನ ಶಹೀದ್‌ಗಂಜ್ ಎಂಬಲ್ಲಿ ಹಳೆಯ ಮಸೀದಿಯ ಕಟ್ಟಡವೊಂದು ಸಿಖ್ಖರ ಅಧೀನದಲ್ಲಿತ್ತು. ಸಿಖ್ಖರಿಗೆ ಅದು ತಮ್ಮ ಹುತಾತ್ಮರ ನೆಲ. ಮುಸಲ್ಮಾನರಿಗೆ ತಮ್ಮ ಪ್ರಾರ್ಥನಾಸ್ಥಳ. 1935ರ ಜುಲೈನಲ್ಲಿ ಸಿಖ್ಖರು ಆ ಕಟ್ಟಡವನ್ನು ಕೆಡವಿದರು. ಲಾಹೋರಿನಲ್ಲಿ ದೊಂಬಿ, ಗೋಲಿಬಾರು, ಪ್ರಾಣಹಾನಿಗಳಾದವು. ಮುಸಲ್ಮಾನರು ನ್ಯಾಯಾಲಯಕ್ಕೆ ಹೋದರೂ, ದೀರ್ಘಕಾಲದ ಸ್ವಾಧೀನದ ಕಾರಣದಿಂದ ಕಾನೂನು ಅವರ ಪರವಾಗಲಿಲ್ಲ. 1940ರಲ್ಲಿ ಪ್ರಿವಿ ಕೌನ್ಸಿಲ್ ಕೂಡ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು.

ಇದರ ನಡುವೆ, ಆ ಸ್ಥಳವನ್ನು ಮುಸಲ್ಮಾನರಿಗೆ ಮರಳಿಸಲು ಶಾಸನವನ್ನೇ ಮಾಡಬೇಕೆಂದು ಲೀಗಿನ ಸದಸ್ಯರೊಬ್ಬರು ಶಾಸನಸಭೆಯಲ್ಲಿ ಮಸೂದೆ ತರಲು ಹೊರಟರು. ಸಭೆಯಲ್ಲಿ ಮುಸಲ್ಮಾನರ ಸಂಖ್ಯೆ ಸಣ್ಣದಾಗಿರಲಿಲ್ಲ. ಮತದಾರರ ಒತ್ತಡವೂ ಇತ್ತು. ಪ್ರಧಾನಿ ಸಿಕಂದರ್ ಹಯಾತ್ ಖಾನರು ತಾವೇ ಮುಸಲ್ಮಾನರಾಗಿದ್ದರೂ 1938ರಲ್ಲಿ ಅದಕ್ಕೆ ಬೆಂಬಲ ಕೊಡಲಿಲ್ಲ. ಇಂದು ಒಂದು ಸ್ಥಳಕ್ಕಾಗಿ ಹೀಗೆ ಕಾನೂನು ಮಾಡಿದರೆ, ಬೇರೆ ಕಡೆಗಳಲ್ಲಿ ಒಂದು ಕಾಲಕ್ಕೆ ಇತರರದಾಗಿದ್ದು ಈಗ ಮುಸಲ್ಮಾನರ ಕೈಯಲ್ಲಿರುವ ಸ್ಥಳಗಳಿಗೂ ನಾಳೆ ಅದೇ ನ್ಯಾಯ ಅನ್ವಯಿಸೀತು ಎಂಬುದು ಅವರ ವಾದವಾಗಿತ್ತು. ತನ್ನವರ ಕೋಪಕ್ಕೆ ಗುರಿಯಾಗಿಯೂ ಪರರ ಹಕ್ಕನ್ನು ಕಾಯುವುದು ಆಳುವವನ ಧರ್ಮ. ಆ ಧರ್ಮವನ್ನು ಅಂದು ಅವರು ಪಾಲಿಸಿದರು. ಬಲವಿದ್ದಾಗ ಎಳೆದ ಎಲ್ಲೆಯೇ ಬಲವಿಲ್ಲದಾಗ ಕಾಯುತ್ತದೆಂಬ ತಿಳಿವಳಿಕೆ ಅದರಲ್ಲಿತ್ತು. ಸಂಖ್ಯೆಯಲ್ಲಿ ಚಿಕ್ಕದಾದ ಯಾವ ಸಮಾಜಕ್ಕಾದರೂ ಇದಕ್ಕಿಂತ ದೊಡ್ಡ ರಕ್ಷಣೆ ಬೇರೊಂದಿಲ್ಲ.

ಒಳಗೆ ಬಿಟ್ಟುಕೊಂಡ ಬಿರುಕು

ಹೀಗಿದ್ದೂ ಪಕ್ಷ ಏಕೆ ಉಳಿಯಲಿಲ್ಲ? ಮೊದಲನೆಯ ಕಾರಣ ಅದರ ಬುನಾದಿಯಲ್ಲಿಯೇ ಇತ್ತು. ಪಕ್ಷ ಶಾಸನಸಭೆಯೊಳಗೆ ಒಂದಾಗಿತ್ತು, ಮತಗಟ್ಟೆಯಲ್ಲಿ ಒಂದಾಗಿರಲಿಲ್ಲ. ಪ್ರತ್ಯೇಕ ಮತಕ್ಷೇತ್ರಗಳಿದ್ದುದರಿಂದ ಮುಸಲ್ಮಾನ ಯೂನಿಯನಿಸ್ಟನು ಮುಸಲ್ಮಾನರ ಮುಂದೆ ಮಾತ್ರ ಮತ ಕೇಳಬೇಕಿತ್ತು, ಹಿಂದೂ ಯೂನಿಯನಿಸ್ಟನು ಸಾಮಾನ್ಯ ಕ್ಷೇತ್ರದಲ್ಲಿ ಮಾತ್ರ. ಒಬ್ಬ ಮುಸಲ್ಮಾನ ರೈತನು ಹಿಂದೂ ನಾಯಕನೊಬ್ಬನಿಗೆ ಮತ ಕೊಟ್ಟು ಆತನನ್ನು ತನ್ನವನೆಂದು ಭಾವಿಸುವ ಸಂದರ್ಭವೇ ಒದಗಲಿಲ್ಲ. ಛೋಟೂರಾಮರು ಪಶ್ಚಿಮ ಪಂಜಾಬಿನ ಹಳ್ಳಿಗಳಲ್ಲಿ ಗೌರವ ಗಳಿಸಿದರು ನಿಜ. ಆ ಗೌರವ ಮತವಾಗಿ ಪಕ್ಷದ ಪೆಟ್ಟಿಗೆಗೆ ಬೀಳಲು ದಾರಿಯಿರಲಿಲ್ಲ. ಪಕ್ಷದ ಎದುರಾಳಿಗಳಾದರೋ ತಮ್ಮ ತಮ್ಮ ಮತದವರ ಮುಂದೆ ಮತದ ಭಾಷೆಯಲ್ಲಿಯೇ ಮಾತನಾಡಬಹುದಿತ್ತು. ಒಂದೇ ಮತದವರ ನಡುವೆ ನಡೆಯುವ ಸ್ಪರ್ಧೆಯಲ್ಲಿ ಹೆಚ್ಚು ಕಟ್ಟಾಳು ಯಾರೆಂಬ ಪ್ರಶ್ನೆಯೇ ಮುಂದಾಗುವುದು ಸಹಜ.

ಎರಡನೆಯ ಕಾರಣ 1937ರ ಅಕ್ಟೋಬರಿನಲ್ಲಿ ಲಖನೌದಲ್ಲಿ ಸಿಕಂದರರು ಜಿನ್ನಾರೊಂದಿಗೆ ಮಾಡಿಕೊಂಡ ಒಪ್ಪಂದ. ಪಕ್ಷದ ಮುಸಲ್ಮಾನ ಸದಸ್ಯರು ಲೀಗಿಗೂ ಸೇರುವುದು, ಆದರೆ ಪ್ರಾಂತದಲ್ಲಿ ಯೂನಿಯನಿಸ್ಟ್ ಸರಕಾರ ಹಾಗೆಯೇ ಮುಂದುವರಿಯುವುದು ಎಂಬುದು ಅದರ ಸಾರ. ಅಖಿಲ ಭಾರತ ಮಟ್ಟದಲ್ಲಿ ಒಂದು ಆಶ್ರಯ, ಪ್ರಾಂತದಲ್ಲಿ ತಮ್ಮದೇ ಸ್ವಾತಂತ್ರ್ಯ, ಇವೆರಡೂ ದೊರಕೀತೆಂದು ಸಿಕಂದರರು ಎಣಿಸಿದರು. ಎರಡು ದೋಣಿಗಳಲ್ಲಿ ಕಾಲಿಟ್ಟವನ ಸ್ಥಿತಿ ಏನಾಗುವುದೆಂಬುದು ಲೋಕಕ್ಕೆ ತಿಳಿದದ್ದೇ. ಎರಡೇ ಸ್ಥಾನಗಳ ಲೀಗಿಗೆ ಪಂಜಾಬಿನಲ್ಲಿ ಅಂದು ಪಕ್ಷವೇ ತನ್ನ ಕೈಯಾರೆ ಮಾನ್ಯತೆ ಕೊಟ್ಟಂತಾಯಿತು. ಮುಸಲ್ಮಾನರ ಪರವಾಗಿ ಮಾತನಾಡುವ ಹಕ್ಕು ಬೇರೊಬ್ಬರದೆಂದು ಒಪ್ಪಿಕೊಂಡ ಮೇಲೆ, ಆ ಹಕ್ಕನ್ನು ಚಲಾಯಿಸಿದಾಗ ಬೇಡವೆನ್ನುವುದು ಕಷ್ಟ.

1940ರ ಮಾರ್ಚ್ ತಿಂಗಳಲ್ಲಿ ಲೀಗು ತನ್ನ ಪ್ರಸಿದ್ಧ ನಿರ್ಣಯವನ್ನು ಅಂಗೀಕರಿಸಿದ್ದು ಸಿಕಂದರರ ರಾಜಧಾನಿಯಾದ ಲಾಹೋರಿನಲ್ಲಿಯೇ. ಅವರು 1941ರ ಮಾರ್ಚಿನಲ್ಲಿ ಶಾಸನಸಭೆಯಲ್ಲಿ ಮಾತನಾಡುತ್ತ, ಇಲ್ಲಿ ಮುಸಲ್ಮಾನರ ರಾಜ್ಯ, ಬೇರೆ ಕಡೆ ಹಿಂದೂಗಳ ರಾಜ್ಯ ಎಂಬುದೇ ಪಾಕಿಸ್ತಾನದ ಅರ್ಥವಾದರೆ ತಮಗೆ ಅದರೊಂದಿಗೆ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿದರು. ಆದರೆ ಲೀಗನ್ನು ಬಿಡಲಿಲ್ಲ. 1942ರ ಜೂನಿನಲ್ಲಿ ಸಿಖ್ ನಾಯಕ ಬಲದೇವ್ ಸಿಂಗರೊಂದಿಗೆ ಒಪ್ಪಂದ ಮಾಡಿಕೊಂಡು, ಗುರುಮುಖಿ ಬೋಧನೆ ಮೊದಲಾದ ವಿಷಯಗಳಲ್ಲಿ ಸಿಖ್ಖರ ದೂರುಗಳನ್ನು ಪರಿಹರಿಸಲು ಯತ್ನಿಸಿದರು. ಅದೇ ವರ್ಷ ಡಿಸೆಂಬರ್ 26ರಂದು ತಮ್ಮ ಐವತ್ತನೆಯ ವಯಸ್ಸಿನಲ್ಲಿ ಹಠಾತ್ತಾಗಿ ನಿಧನ ಹೊಂದಿದರು.

ಕುಸಿತ

ಅವರ ಸ್ಥಾನಕ್ಕೆ ಬಂದವರು ಮಲಿಕ್ ಖಿಜರ್ ಹಯಾತ್ ಖಾನ್ ತಿವಾನ. 1944ರಲ್ಲಿ ಜಿನ್ನಾ ಲಾಹೋರಿಗೆ ಬಂದು, ಸರಕಾರಕ್ಕೆ ಯೂನಿಯನಿಸ್ಟ್ ಎಂಬ ಹೆಸರನ್ನು ಬಿಟ್ಟು ಮುಸ್ಲಿಂ ಲೀಗ್ ಸಮ್ಮಿಶ್ರ ಸರಕಾರವೆಂದು ಹೆಸರಿಡಬೇಕೆಂದು ಒತ್ತಾಯಿಸಿದರು. ಹೆಸರಿನಲ್ಲೇನಿದೆ ಎಂದು ಕೇಳಬಹುದು. ಆದರೆ ಆ ಹೆಸರಿನಲ್ಲಿಯೇ ಎಲ್ಲವೂ ಇತ್ತು. ಹಿಂದೂ ಸಿಖ್ ಸಹೋದ್ಯೋಗಿಗಳನ್ನು ತನ್ನ ಪಕ್ಷದ ಒಡನಾಡಿಗಳೆಂದು ಕರೆಯುವುದಕ್ಕೂ, ಅನ್ಯಮತದ ಪಾಲುದಾರರೆಂದು ಕರೆಯುವುದಕ್ಕೂ ಇರುವ ಅಂತರವನ್ನು ಖಿಜರ್ ಅರಿತಿದ್ದರು. ಅವರು ಒಪ್ಪಲಿಲ್ಲ, ಮೇ ತಿಂಗಳಲ್ಲಿ ಲೀಗು ಅವರನ್ನು ಹೊರಹಾಕಿತು. ಸಿಕಂದರರ ಮಗನೇ ಲೀಗಿನ ಕಡೆಗೆ ಹೋದನು. 1945ರ ಜನವರಿಯಲ್ಲಿ ಛೋಟೂರಾಮರು ತೀರಿಕೊಂಡಾಗ ಪಕ್ಷದ ಇನ್ನೊಂದು ಕಂಬವೂ ಉರುಳಿತು. ಅದೇ ವರ್ಷ ಸಿಮ್ಲಾ ಸಮ್ಮೇಳನದಲ್ಲಿ ವೈಸರಾಯ್ ವೇವೆಲ್ ತಮ್ಮ ಮಂಡಲಿಯಲ್ಲಿ ಲೀಗಿಗೆ ಸೇರದ ಒಬ್ಬ ಪಂಜಾಬಿ ಮುಸಲ್ಮಾನನನ್ನು ಸೇರಿಸಬಯಸಿದರು. ಮುಸಲ್ಮಾನರೆಲ್ಲರನ್ನೂ ಲೀಗೇ ಹೆಸರಿಸಬೇಕೆಂಬ ಜಿನ್ನಾರ ಹಟದಿಂದ ಸಮ್ಮೇಳನ ಮುರಿಯಿತು. ಮುಂದಿನ ಪ್ರಭುಗಳು ಯಾರೆಂಬ ಸಂದೇಶ ಪಂಜಾಬಿನ ಜಮೀನ್ದಾರರಿಗೆ ಅದರಿಂದಲೇ ಮುಟ್ಟಿತು.

ಮಹಾಯುದ್ಧವೂ ಪಕ್ಷದ ಬೇರನ್ನು ಸಡಿಲಿಸಿತ್ತು. ಪಂಜಾಬಿನ ಹಳ್ಳಿಗಳಿಂದ ಲಕ್ಷಾಂತರ ಯುವಕರು ಸೈನ್ಯಕ್ಕೆ ಸೇರಿದ್ದರು. ಬಟ್ಟೆ, ಸಕ್ಕರೆ, ಸೀಮೆಎಣ್ಣೆಗಳಿಗೆ ಅಭಾವ ಉಂಟಾಗಿ ಬೆಲೆಗಳು ಏರಿದ್ದವು. ಧಾನ್ಯದ ಬೆಲೆನಿಯಂತ್ರಣ ಮತ್ತು ವಸೂಲಿ ರೈತನನ್ನು ಕೆರಳಿಸಿದ್ದವು. ರೈತನ ಹೆಸರಿನಲ್ಲಿ ಆಳುತ್ತಿದ್ದ ಪಕ್ಷವೇ ರೈತನ ಕಣಜಕ್ಕೆ ಕೈಹಾಕಿದಂತೆ ಕಂಡಿತು. ಪಕ್ಷಕ್ಕೆ ಹಳ್ಳಿಹಳ್ಳಿಯಲ್ಲಿ ಸದಸ್ಯರಿರಲಿಲ್ಲ, ಸಭೆಗಳಿರಲಿಲ್ಲ. ಜಮೀನ್ದಾರರು, ಜೈಲದಾರರು, ದರ್ಗಾಗಳ ಪೀಠಸ್ಥರು ಇವರ ಪ್ರಭಾವವೇ ಅದರ ಸಂಘಟನೆಯಾಗಿತ್ತು. ಆ ಪ್ರಭಾವಶಾಲಿಗಳು ಒಬ್ಬೊಬ್ಬರಾಗಿ ಲೀಗಿನ ಕಡೆಗೆ ಸರಿದಾಗ ಪಕ್ಷದ ಕೈಯಲ್ಲಿ ಏನೂ ಉಳಿಯಲಿಲ್ಲ. 1946ರ ಚುನಾವಣೆಯಲ್ಲಿ ಲೀಗು ಎಪ್ಪತ್ತಕ್ಕೂ ಹೆಚ್ಚು ಸ್ಥಾನ ಗೆದ್ದಿತು. ಯೂನಿಯನಿಸ್ಟರು ಇಪ್ಪತ್ತರ ಆಸುಪಾಸಿಗೆ ಇಳಿದರು. ಆ ಚುನಾವಣೆಯಲ್ಲಿಯೂ ಮತದಾನದ ಹಕ್ಕು ವಯಸ್ಕರೆಲ್ಲರಿಗೂ ಇರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆಗಳ ಆಧಾರದ ಮೇಲೆ ಕೆಲವರಿಗೆ ಮಾತ್ರ ಇತ್ತು. ಎರಡು ಕೋಟಿಗೂ ಮಿಕ್ಕ ಜನರ ಹಣೆಬರಹ ಸ್ವಲ್ಪ ಜನರ ಮತದಿಂದ ನಿರ್ಧಾರವಾಯಿತು.

ಖಿಜರ್ ಕಾಂಗ್ರೆಸ್ ಮತ್ತು ಅಕಾಲಿಗಳ ಬೆಂಬಲದಿಂದ ಸರಕಾರ ರಚಿಸಿದರು. ಅತಿ ದೊಡ್ಡ ಪಕ್ಷವಾದ ಲೀಗು ಹೊರಗುಳಿಯಿತು. ಇದು ನಿಯಮಕ್ಕೆ ವಿರುದ್ಧವಲ್ಲದಿದ್ದರೂ ಮುಸಲ್ಮಾನ ಮತದಾರರ ಕಣ್ಣಿಗೆ ಅನ್ಯಾಯವಾಗಿ ಕಂಡಿತು. 1947ರ ಜನವರಿ 24ರಂದು ಸರಕಾರ ಲೀಗಿನ ನ್ಯಾಷನಲ್ ಗಾರ್ಡ್ ಮತ್ತು ರಾಷ್ಟ್ರೀಯ ಸ್ವಯಂಸೇವಕ ಸಂಘ ಎರಡನ್ನೂ ನಿಷೇಧಿಸಿತು. ಲೀಗು ಬೀದಿಗಿಳಿಯಿತು, ಕೆಲವೇ ದಿನಗಳಲ್ಲಿ ನಿಷೇಧ ಹಿಂದೆಗೆದುಕೊಂಡರೂ ಚಳವಳಿ ನಿಲ್ಲಲಿಲ್ಲ. ಫೆಬ್ರವರಿ 20ರಂದು ಬ್ರಿಟಿಷ್ ಪ್ರಧಾನಿ ಆಟ್ಲಿ ಭಾರತವನ್ನು ಬಿಟ್ಟುಹೋಗುವ ಘೋಷಣೆ ಮಾಡಿದರು. ಮಾರ್ಚ್ 2ರಂದು ಖಿಜರ್ ರಾಜೀನಾಮೆ ಕೊಟ್ಟರು. ಮಾರ್ಚ್ 5ರಂದು ಗವರ್ನರ್ ಇವಾನ್ ಜೆಂಕಿನ್ಸ್ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಲಾಹೋರ್, ಅಮೃತಸರ, ಮುಲ್ತಾನ್, ರಾವಲ್ಪಿಂಡಿಗಳಲ್ಲಿ ಬೆಂಕಿ ಹೊತ್ತಿಕೊಂಡಿತ್ತು. ಖಿಜರ್ ರಾಜಕೀಯದಿಂದ ದೂರ ಸರಿದರು; 1975ರಲ್ಲಿ ಅಮೆರಿಕೆಯಲ್ಲಿ ತೀರಿಕೊಂಡರು.

ಗುಜ್ರನ್ವಾಲದ ಸಂಘ

ಈ ಕಥೆಯ ಹೊರಗೆ ಜೈನ ಸಮಾಜವೂ ಇರಲಿಲ್ಲ. ಗುಜ್ರನ್ವಾಲ, ಸಿಯಾಲ್‌ಕೋಟ್, ಲಾಹೋರ್ ಮೊದಲಾದ ಪಟ್ಟಣಗಳಲ್ಲಿ ವ್ಯಾಪಾರವೃತ್ತಿಯ ಜೈನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿದ್ದವು. ಕೃಷಿಕರ ಪಕ್ಷದ ಪಂಕ್ತಿಯಲ್ಲಿ ಅವರಿಗೆ ಎಲೆಯಿರಲಿಲ್ಲ. ಮತದ ಹೆಸರಿನ ಪಕ್ಷಗಳಿಗೆ ಅಷ್ಟು ಸಣ್ಣ ಸಂಖ್ಯೆಯಿಂದ ಪ್ರಯೋಜನವಿರಲಿಲ್ಲ. ಆತ್ಮಾರಾಮಜಿ ಎಂದು ಪ್ರಸಿದ್ಧರಾದ ಶ್ವೇತಾಂಬರ ಆಚಾರ್ಯ ವಿಜಯಾನಂದ ಸೂರಿಗಳು 1896ರಲ್ಲಿ ಗುಜ್ರನ್ವಾಲದಲ್ಲಿಯೇ ಕಾಲಧರ್ಮವನ್ನು ಹೊಂದಿದರು. ಅವರ ಸಮಾಧಿ ಅಲ್ಲಿದೆ. ಅವರ ಪರಂಪರೆಯ ಆಚಾರ್ಯ ವಿಜಯವಲ್ಲಭ ಸೂರಿಗಳು 1947ರ ಚಾತುರ್ಮಾಸವನ್ನು ಅದೇ ಊರಿನಲ್ಲಿ ಕೈಗೊಂಡಿದ್ದರು. ಊರು ಪಾಕಿಸ್ತಾನಕ್ಕೆ ಸೇರಿತು. ಸಂಘವನ್ನು ಬಿಟ್ಟು ತಾವೊಬ್ಬರೇ ಸುರಕ್ಷಿತ ಸ್ಥಳಕ್ಕೆ ಹೋಗಲು ಅವರು ಒಪ್ಪಲಿಲ್ಲವೆಂದು ಅವರ ಚರಿತ್ರೆಗಳು ಹೇಳುತ್ತವೆ. ಆ ಸೆಪ್ಟೆಂಬರಿನಲ್ಲಿ ಸಾಧು, ಸಾಧ್ವಿ, ಶ್ರಾವಕ, ಶ್ರಾವಿಕೆಯರೊಂದಿಗೆ ಅವರು ಅಮೃತಸರ ಸೇರಿದರು. ಮನೆ, ಅಂಗಡಿ, ಮಂದಿರಗಳೆಲ್ಲ ಹಿಂದೆ ಉಳಿದವು. ಆ ವರ್ಷ ಪಂಜಾಬಿನ ಗಡಿಯನ್ನು ಎರಡೂ ಕಡೆಗಳಿಂದ ದಾಟಿದವರ ಸಂಖ್ಯೆ ಸುಮಾರು ಒಂದು ಕೋಟಿ; ಸತ್ತವರ ಲೆಕ್ಕ ಇಂದಿಗೂ ಲಕ್ಷಗಳ ಅಂದಾಜಿನಲ್ಲಿಯೇ ಉಳಿದಿದೆ.

ಋಣಪತ್ರ ಬರೆದುಕೊಂಡ ಸಾಹುಕಾರನೂ, ಅದನ್ನು ಹರಿಯುವ ಕಾನೂನು ತಂದ ಮಂತ್ರಿಯೂ, ಸಾಲದ ಭಾರ ಹೊತ್ತ ರೈತನೂ ಎಣಿಸದಿದ್ದ ಕೊನೆ ಅದು. ಲಾಹೋರಿನ ವ್ಯಾಪಾರಿಯ ಬಹಿಖಾತೆಯೂ ಜಾಲಂಧರದ ಮುಸಲ್ಮಾನ ರೈತನ ಹೊಲವೂ ಒಂದೇ ವಾರದಲ್ಲಿ ಬೆಲೆ ಕಳೆದುಕೊಂಡವು.

ಮನನಕ್ಕೆ

ಈ ಇತಿಹಾಸವನ್ನು ಓದಿ, ಮತನಿರಪೇಕ್ಷ ಪಕ್ಷಗಳು ಮತಭೇದದ ನಾಡಿನಲ್ಲಿ ಬಾಳಲಾರವು ಎಂಬ ತೀರ್ಮಾನಕ್ಕೆ ಬರುವುದು ಆತುರವಾದೀತು. ಇಪ್ಪತ್ತನಾಲ್ಕು ವರ್ಷ ಆ ಪಕ್ಷ ಬಾಳಿತು. ಅದು ಪ್ರಬಲವಾಗಿದ್ದ ಕಾಲದಲ್ಲಿ ಲಾಹೋರಿನ ಪೂಜಾಸ್ಥಳವೊಂದರ ವಿವಾದವನ್ನು ಸಂಖ್ಯಾಬಲದಿಂದ ಇತ್ಯರ್ಥಪಡಿಸದೆ ನ್ಯಾಯಾಲಯಕ್ಕೆ ಬಿಡುವ ಸ್ಥೈರ್ಯ ಆಳುವವರಿಗಿತ್ತು. ಅದು ಬಿದ್ದ ಮೂರು ದಿನಗಳಲ್ಲಿ ನಗರಗಳು ಹೊತ್ತಿ ಉರಿದವು. ಇದ್ದಾಗ ಕಾಣದ ಗೋಡೆಯ ಉಪಯೋಗ ಬಿದ್ದಾಗ ಕಾಣುತ್ತದೆ.

ಆದರೆ ಅದರ ದೋಷಗಳನ್ನೂ ಮರೆಮಾಚಬಾರದು. ಎಲ್ಲರ ಪಕ್ಷವೆಂದು ಹೇಳಿಕೊಳ್ಳುವುದು ನಿಜವಾಗಿ ಎಲ್ಲರನ್ನೂ ಒಳಗೊಳ್ಳಬೇಕು. ಮತದ ಗೆರೆಯನ್ನು ಅಳಿಸಿ ಆ ಜಾಗದಲ್ಲಿ ಕುಲದ ಗೆರೆಯನ್ನೋ ವೃತ್ತಿಯ ಗೆರೆಯನ್ನೋ ಎಳೆದರೆ, ಹೊರಗುಳಿದವರು ಮತ್ತೆ ಮತದ ಆಶ್ರಯವನ್ನೇ ಹುಡುಕುವರು. ತತ್ತ್ವವನ್ನು ಸಭಾಭವನದಲ್ಲಿ ಒಪ್ಪಿ, ಊರೊಳಗೆ ಅನುಕೂಲಸ್ಥರ ಪ್ರಭಾವವನ್ನೇ ನಂಬಿದರೆ, ಗಾಳಿ ತಿರುಗಿದ ದಿನ ಆ ಪ್ರಭಾವವೂ ತಿರುಗುವುದು. ಸುಲಭದ ಹಾದಿಯೆಂದು ವಿರೋಧಿ ತತ್ತ್ವದೊಂದಿಗೆ ಅರೆಮನಸ್ಸಿನ ಒಪ್ಪಂದ ಮಾಡಿಕೊಂಡರೆ, ಅದರ ಬೆಲೆಯನ್ನು ಮುಂದಿನವರು ತೆರಬೇಕಾಗುವುದು. ಸಿಕಂದರರ 1937ರ ಒಪ್ಪಂದದ ಋಣವನ್ನು 1944ರಲ್ಲಿ ಖಿಜರ್ ತೀರಿಸಬೇಕಾಯಿತು.

ಉಳ್ಳವರಿಗೂ ಇದರಲ್ಲಿ ಒಂದು ಪಾಠವಿದೆ. ಸಾಂಪ್ಲಾದ ಅಂಗಡಿಯಲ್ಲಿ ಪಂಖದ ಹಗ್ಗವನ್ನು ಎಸೆದ ಸಾಹುಕಾರನಿಗೆ ತಾನು ರಾಜಕಾರಣ ಮಾಡುತ್ತಿರುವೆನೆಂಬ ಅರಿವಿರಲಿಲ್ಲ. ವ್ಯವಹಾರದಲ್ಲಿ ಮಿತಿ, ಸಾಲಗಾರನ ವಿಷಯದಲ್ಲಿ ಮರ್ಯಾದೆ, ಗಳಿಕೆಗೆ ಒಂದು ಪರಿಮಾಣ, ಇವು ಕೇವಲ ಪರಲೋಕದ ಸಾಧನೆಗಳೆಂದು ತಿಳಿಯುವವರುಂಟು. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಶ್ರಾವಕನಿಗೆ ವಿಧಿಸಿದವರು ನೆರೆಯವನೊಂದಿಗಿನ ಬಾಳನ್ನೂ ಕಂಡಿದ್ದರು. ಅಂಗಡಿಯ ಕಟ್ಟೆಯ ಮೇಲೆ ನೆರೆಯವನಿಗೆ ತೋರಿದ ಗೌರವ ಊರಿನ ಶಾಂತಿಗೆ ಇಟ್ಟ ಠೇವಣಿ. ಪಕ್ಷಗಳು ಬರುತ್ತವೆ, ಹೋಗುತ್ತವೆ. ಆ ಠೇವಣಿಯನ್ನು ಇಡಬೇಕಾದವರು ಮನೆಮನೆಯವರೇ.